ಮೂರಕ್ಕೆ ನಾಲ್ಕು ಕಡಿಮೆ

ಮರಾಠಿ ಸೀಮೆಯ ಕುರಕುಂಭದ ಆ ಕಾರ್ಖಾನೆಯಲ್ಲಿ ಬಟ್ಟೆಯ ಬಣ್ಣಕ್ಕೆ ಬೇಕಾಗುವ ರಾಸಾಯನಿಕ ತಯಾರಾಗುತ್ತಿತ್ತು. ಮೊದಲ ಪಾಳಿ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತಿತ್ತು. ಹೋಗುವವನು ಎರಡು ಕೆಲಸ ಮಾಡಿ ಹೋಗಬೇಕು. ಲಾಗ್‌ಬುಕ್ ಬರೆದು ಸಹಿ ಹಾಕುವುದು ಒಂದು. ಬಂದವನ ಜೊತೆ ಒಂದು ಕಪ್ ಚಹಾ ಕುಡಿಯುತ್ತ ಬಾಯಲ್ಲಿ ಎಲ್ಲ ಹೇಳುವುದು ಇನ್ನೊಂದು. ಲಾಗ್‌ಬುಕ್ಕು ಸಾಹೇಬರಿಗೆ, ಬಾಯಿಮಾತು ಕೆಲಸಕ್ಕೆ. ಎರಡೂ ಒಂದೇ ಆಗಿರಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಕಂಟ್ರೋಲ್ ರೂಮಿನ ನಾಲ್ವರು ಆಪರೇಟರುಗಳೂ ಕನ್ನಡದವರು. ಶಿವಪುತ್ರಪ್ಪ ಅಫಜಲಪುರ ಕಡೆಯವನು, ಅವ್ವಣ್ಣ ಇಂಡಿಯವನು, ಉಳಿದಿಬ್ಬರು ಆಳಂದದವರು. ಒಬ್ಬ ಬಂದು ಇನ್ನೊಬ್ಬನನ್ನು ಕರೆಸಿಕೊಂಡು ಹೀಗಾಗಿತ್ತು. ಹೊರಗೆ ಮರಾಠಿ, ಸಾಹೇಬರ ಮುಂದೆ ಹಿಂದಿ, ಚಾರ್ಜ್ ಕೊಡುವಾಗ ಮಾತ್ರ ಕನ್ನಡ. ಯಾವ ಪಂಪು ಗುಂಯ್‌ಗುಡುತ್ತಿದೆ, ಯಾವ ವಾಲ್ವನ್ನು ಒದ್ದರೆ ಮಾತ್ರ ತಿರುಗುತ್ತದೆ, ಎಲ್ಲ ಹೇಳಿ ಕೊನೆಗೆ ಹೋಗುವವನು ಒಂದು ಮಾತು ಸೇರಿಸುತ್ತಿದ್ದ: "ಮೂರಕ್ಕ ನಾಕು ಕಮ್ಮಿ." ಬಂದವನು "ಹೂಂ" ಅನ್ನುತ್ತಿದ್ದ. ಹನ್ನೊಂದು ವರ್ಷ, ದಿನಕ್ಕೆ ಮೂರು ಸಲ.

ಅದರ ಅರ್ಥ ಇಷ್ಟು. ಮೂರನೇ ರಿಯಾಕ್ಟರಿನಲ್ಲಿ ಸರಕನ್ನು ಎಪ್ಪತ್ತೆಂಟು ಡಿಗ್ರಿಗೆ ಕಾಯಿಸಬೇಕು ಎಂದು ಕಾಗದದಲ್ಲಿತ್ತು. ಆದರೆ ಕಂಪ್ಯೂಟರಿಗೆ ಎಪ್ಪತ್ತನಾಲ್ಕು ಎಂದೇ ಹೇಳಬೇಕು. ಯಾಕೆಂದರೆ ಆ ರಿಯಾಕ್ಟರಿನ ಕಾವು ಅಳೆಯುವ ಕಡ್ಡಿ ಸುಳ್ಳು ಹೇಳುತ್ತದೆ. ಪರದೆಯ ಮೇಲೆ ಎಪ್ಪತ್ತನಾಲ್ಕು ಕಂಡಾಗ ಒಳಗೆ ನಿಜಕ್ಕೂ ಎಪ್ಪತ್ತೆಂಟು ಇರುತ್ತದೆ. ಲಾಗ್‌ಬುಕ್ಕಿನಲ್ಲಿ ಮಾತ್ರ ಎಲ್ಲರೂ ಎಪ್ಪತ್ತೆಂಟು ಎಂದೇ ಬರೆಯುತ್ತಿದ್ದರು. ಕಾಗದಕ್ಕೆ ಹೊಂದಿದ್ದರೆ ಯಾರೂ ಏನೂ ಕೇಳುವುದಿಲ್ಲ.

ಕಡ್ಡಿ ಯಾಕೆ ಸುಳ್ಳು ಹೇಳುತ್ತದೆ ಎಂಬುದು ಶಿವಪುತ್ರಪ್ಪ ಒಬ್ಬನಿಗೇ ಗೊತ್ತಿತ್ತು. ತೊಂಬತ್ತೆರಡರಲ್ಲಿ ರಿಯಾಕ್ಟರ್ ತೊಳೆಯುವಾಗ ತಳದಲ್ಲಿ ಕಟ್ಟಿದ್ದ ಗಡ್ಡೆಯನ್ನು ಅವನು ಕಬ್ಬಿಣದ ರಾಡಿನಿಂದ ಕುಟ್ಟಿದ್ದ. ಕಟ್ಟಿಗೆಯ ಕೋಲಿನಿಂದ ಕುಟ್ಟಬೇಕೆಂಬ ನಿಯಮವಿತ್ತು, ಆದರೆ ಕೋಲಿನಿಂದ ಕುಟ್ಟಿದರೆ ಕೆಲಸ ಸಾಗುತ್ತಿರಲಿಲ್ಲ. ರಾಡು ಜಾರಿ ಕಡ್ಡಿ ಕೂರುವ ಉಕ್ಕಿನ ನಳಿಗೆಗೆ ಬಡಿಯಿತು. ನಳಿಗೆ ನಡುವಿಗೆ ಬಾಗಿತು. ಆಮೇಲೆ ಮತ್ತೆ ಇಳಿಸಿದ ಕಡ್ಡಿ ತಳದವರೆಗೆ ಹೋಗದೆ ಅರ್ಧಕ್ಕೇ ನಿಂತಿತು. ಕೆಳಗೆ ಸರಕು ಕುದಿಯುವಾಗ ಅದು ಮೇಲಿನ ತಣ್ಣನೆಯ ಭಾಗವನ್ನು ಅಳೆಯುತ್ತಿತ್ತು. ಆ ಹೊತ್ತಿಗೆ ಇದು ಅವನಿಗೆ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಸರಕು ಉಕ್ಕಿ ಮೇಲಿನ ಬಾಯಿಂದ ಹೊರಬಿತ್ತು. ಮೆಟ್ಟಿಲ ಮೇಲೆ ಅವ್ವಣ್ಣ ನಿಂತಿದ್ದ. ಅವನ ಎಡಗೈ ಮೊಣಕೈವರೆಗೆ ಸುಟ್ಟಿತು. ವಿಚಾರಣೆಯಲ್ಲಿ ವಾಲ್ವ್ ಹಳೆಯದಾಗಿತ್ತು ಎಂದು ಬರೆದರು. ಮರುದಿನ ಶಿವಪುತ್ರಪ್ಪ ಗಾಜಿನ ಥರ್ಮಾಮೀಟರ್ ತಂದು ತಳದ ಸರಕನ್ನು ತೆಗೆದು ಅಳೆದ. ನಾಲ್ಕು ಡಿಗ್ರಿಯ ವ್ಯತ್ಯಾಸವಿತ್ತು. ರಾಡಿನ ವಿಷಯ ಬಿಟ್ಟು ಉಳಿದದ್ದನ್ನು ಜೊತೆಯವರಿಗೆ ಹೇಳಿದ. ಅಂದಿನಿಂದ ಆ ಮಾತು ಹುಟ್ಟಿತು. ಆಮೇಲೆ ಒಮ್ಮೆಯೂ ಸರಕು ಉಕ್ಕಲಿಲ್ಲ. ಏನೂ ಆಗದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿಯುವುದು ಮನುಷ್ಯನ ಸ್ವಭಾವ.

ಎರಡು ಸಾವಿರದ ಮೂರರ ಮಳೆಗಾಲದ ಹೊತ್ತಿಗೆ ಹಳೆಯ ಕಂಪ್ಯೂಟರಿನ ಬಿಡಿಭಾಗಗಳು ಸಿಗುವುದು ನಿಂತುಹೋಯಿತು. ಹೊಸದು ಬಂತು, ಹೊಸ ಪ್ರೋಗ್ರಾಮು ಬಂತು, ಅದರ ಜೊತೆ ಹಡಪಸರದ ಒಂದು ಸಂಶೋಧನಾ ಕಚೇರಿಯಿಂದ ಮಾಧುರಿ ಬಂದಳು. ವಯಸ್ಸು ಇಪ್ಪತ್ತೆಂಟು ಇರಬಹುದು. ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ಹಾಕುವಾಗ ಅನಾಹುತ ಆಗದಂತೆ ಹೇಗೆ ಮಾಡಬಹುದು ಎಂಬುದೇ ಅವಳ ಅಧ್ಯಯನ. ಅಲ್ಲಿಯವರೆಗೆ ಕಾರ್ಖಾನೆಗಳಲ್ಲಿದ್ದ ಪದ್ಧತಿ ಸರಳವಾಗಿತ್ತು: ಭಾನುವಾರ ನಿಲ್ಲಿಸಿ, ಬದಲಾಯಿಸಿ, ಸೋಮವಾರ ಗಣಪತಿಗೆ ತೆಂಗಿನಕಾಯಿ ಒಡೆದು ಶುರು ಮಾಡುವುದು. ಕಾಯಿ ಒಡೆಯಲು ಮಾಧುರಿಯ ವಿರೋಧವಿರಲಿಲ್ಲ. ಆದರೆ ಅದಕ್ಕೆ ಮೊದಲು ಹೊಸದು ಆರು ದಿನ ಹಳೆಯದರ ಪಕ್ಕದಲ್ಲಿ ಕೈಕಟ್ಟಿ ಕೂತಿರಬೇಕು ಎನ್ನುತ್ತಿದ್ದಳು. ಹಳೆಯದಕ್ಕೆ ಕಾಣುವುದೆಲ್ಲ ಅದಕ್ಕೂ ಕಾಣುತ್ತದೆ. ನಾನಾಗಿದ್ದರೆ ಈಗ ಹಬೆ ಬಿಡುತ್ತಿದ್ದೆ, ಈಗ ನಿಲ್ಲಿಸುತ್ತಿದ್ದೆ ಎಂದು ಅದು ಬರೆದುಕೊಳ್ಳುತ್ತದೆ. ಆದರೆ ಯಾವ ವಾಲ್ವೂ ಅದರ ಕೈಯಲ್ಲಿಲ್ಲ. ಎರಡರ ನಡುವೆ ಎಲ್ಲೆಲ್ಲಿ ಭಿನ್ನತೆ ಬರುತ್ತದೋ ಅಲ್ಲೆಲ್ಲ ಕಾರಣ ಹುಡುಕಬೇಕು. ಕಾರಣ ಸಿಗದ ಒಂದು ಭಿನ್ನತೆ ಉಳಿದರೂ ಬದಲಾವಣೆ ಇಲ್ಲ. ಬದಲಾಯಿಸಿದ ಮೇಲೂ ಒಂದು ತಿಂಗಳು ಹಳೆಯದನ್ನು ಕೀಳಬಾರದು. ಒಂದು ಸ್ವಿಚ್ ತಿರುಗಿಸಿದರೆ ಹಿಂದಕ್ಕೆ ಹೋಗುವ ದಾರಿ ಇರಬೇಕು.

ಹಳೇ ಡ್ರೈವರನ ಬಾಜೂ ಹೊಸಬನನ್ನು ಕೂಡಿಸಿದಂತೆ ಎಂದು ಅವ್ವಣ್ಣ ಹೇಳಿದ. ಅದಕ್ಕಿಂತ ಚೆನ್ನಾಗಿ ಅವಳ ವರದಿಯಲ್ಲೂ ಇರಲಿಲ್ಲ.

ಅವಳು ಎಲ್ಲರ ಜೊತೆ ಮರಾಠಿ ಆಡುತ್ತಿದ್ದಳು. ಆದ್ದರಿಂದ ಮರಾಠಿ ಹುಡುಗಿ ಎಂದೇ ತಿಳಿದರು. ಅವಳ ಮುಂದೆಯೇ ಕನ್ನಡದಲ್ಲಿ ಅವಳ ಬಗ್ಗೆ ಆಡಿಕೊಳ್ಳುತ್ತಿದ್ದರು. ಮುಖ್ಯವಾಗಿ ಅವಳು ಎಷ್ಟು ಸಣ್ಣಗಿದ್ದಾಳೆ ಎಂಬುದನ್ನು. "ಜೋರ್ ಗಾಳಿ ಬಿಟ್ರ ದೌಂಡ್ ಸ್ಟೇಷನ್‌ದಾಗ ಹೋಗಿ ಬೀಳ್ತಾಳ ನೋಡು" ಎಂದು ಅವ್ವಣ್ಣ ಹೇಳಿದಾಗ ಅವಳು ಪರದೆಯಿಂದ ಕಣ್ಣೆತ್ತಲಿಲ್ಲ. ಅವಳ ತಂದೆ ಬಾಗಲಕೋಟೆಯಿಂದ ಬಂದು ನಿಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅಜ್ಜಿ ಬದುಕಿರುವವರೆಗೆ ಮನೆಯಲ್ಲಿ ಮರಾಠಿ ಆಡಿದವರಿಗೆ ನೀರು ಕೂಡ ಸಿಗುತ್ತಿರಲಿಲ್ಲ. ಇದನ್ನೆಲ್ಲ ಹೇಳದೆ ಸುಮ್ಮನಿದ್ದುದರಲ್ಲಿ ಕಪಟವೇನೂ ಇರಲಿಲ್ಲ. ಮೊದಲ ದಿನ ಹೇಳಲು ಸಂಕೋಚವಾಯಿತು, ಮೂರನೇ ದಿನಕ್ಕೆ ಹೇಳಿದರೆ ಅವರಿಗೆ ಸಂಕೋಚವಾಗುತ್ತಿತ್ತು.

ಆರು ದಿನದಲ್ಲಿ ನಲವತ್ತೊಂದು ಭಿನ್ನತೆ ಸಿಕ್ಕವು. ನಲವತ್ತಕ್ಕೆ ಕಾರಣ ಸಿಕ್ಕಿತು. ಒಂದು ಉಳಿಯಿತು. ಮೂರನೇ ರಿಯಾಕ್ಟರಿನಲ್ಲಿ ಆಪರೇಟರುಗಳು ಪ್ರತಿ ಸಲ ನಾಲ್ಕು ಡಿಗ್ರಿ ಮೊದಲೇ ಕಾಯಿಸುವ ಹಬೆ ನಿಲ್ಲಿಸುತ್ತಿದ್ದರು, ಲಾಗ್‌ಬುಕ್ಕಿನಲ್ಲಿ ಎಪ್ಪತ್ತೆಂಟು ಇರುತ್ತಿತ್ತು. ಕೇಳಿದರೆ ಶಿವಪುತ್ರಪ್ಪ ವಾಲ್ವ್ ಹಳೆಯದು ಎಂದ. ವಿಚಾರಣೆಯ ಹಳೇ ಉತ್ತರವೇ ಬಾಯಿಗೆ ಬಂತು. ಪ್ಲಾಂಟ್ ಮ್ಯಾನೇಜರ್ ನಕ್ಕರು. ಬೇಗ ಮುಗಿಸಿ ಚಹಾಕ್ಕೆ ಹೋಗುವ ಆಟ ಅದು, ಹೊಸ ಪ್ರೋಗ್ರಾಮು ಬಂದರೆ ಆಟ ಮುಗಿಯುತ್ತದೆ ಎಂದರು. ಹಡಪಸರದಿಂದ ಅವಳ ಮೇಲಿನವರು ಫೋನಿನಲ್ಲಿ, ನಲವತ್ತೊಂದರಲ್ಲಿ ನಲವತ್ತು ಒಳ್ಳೆಯ ಫಲಿತಾಂಶ ಎಂದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬದಲಾವಣೆ ಎಂದು ನೋಟಿಸ್ ಬೋರ್ಡಿಗೆ ಕಾಗದ ಹತ್ತಿತು.

ಶನಿವಾರ ಮೂರು ಗಂಟೆಗೆ ಮಾಧುರಿ ಮೂಲೆಯ ಕುರ್ಚಿಯಲ್ಲಿ ಕೂತು ಕಾಗದ ತಿರುವುತ್ತಿದ್ದಳು. ಶಿವಪುತ್ರಪ್ಪ ಅವ್ವಣ್ಣನಿಗೆ ಚಾರ್ಜ್ ಕೊಡುತ್ತಿದ್ದ. ಪಂಪಿನ ಮಾತಾಯಿತು, ವಾಲ್ವಿನ ಮಾತಾಯಿತು. "ಮೂರಕ್ಕ ನಾಕು ಕಮ್ಮಿ" ಎಂದ. ಅವ್ವಣ್ಣ "ಹೂಂ" ಎಂದು ಕಪ್ ಕೆಳಗಿಟ್ಟ. ಅಲ್ಲಿಯವರೆಗೆ ಅವಳು ಪಾಳಿ ಮುಗಿಯುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು, ಅಂದು ಜೀಪು ತಡವಾಗಿತ್ತು. ಆರು ದಿನ ಯಂತ್ರಗಳು ಏನು ಹೇಳುತ್ತವೆ ಎಂದು ಕೇಳಿದವಳು ಹತ್ತು ಅಡಿ ದೂರದಲ್ಲಿ ಮನುಷ್ಯರು ಏನು ಹೇಳುತ್ತಾರೆ ಎಂದು ಕೇಳಿರಲಿಲ್ಲ.

ಶಿವಪುತ್ರಪ್ಪ ಕೈ ತೊಳೆಯಲು ಹೊರಗೆ ನಲ್ಲಿಯ ಹತ್ತಿರ ಹೋದಾಗ ಅವಳು ಹಿಂದೆ ಹೋದಳು.

"ಕಾಕಾ, ಮೂರಕ್ಕ ನಾಕು ಯಾಕ ಕಮ್ಮಿರಿ?"

ಶಿವಪುತ್ರಪ್ಪ ತಿರುಗಿದ. ನಲ್ಲಿ ಹರಿಯುತ್ತಲೇ ಇತ್ತು. ಮೊದಲು ಅವನಿಗೆ ನೆನಪಾದದ್ದು ದೌಂಡ್ ಸ್ಟೇಷನ್ನು.

"ನಿಮಗ ಕನ್ನಡ ಬರ್ತದೇನ್ರಿ ಮ್ಯಾಡಮ್?"

"ಬರ್ತದ್ರಿ. ಎರಡು ರೊಟ್ಟಿನೂ ತಿಂತೀನಿ. ಗಾಳಿಗೆ ಹಾರಂಗಿಲ್ಲ."

ಅವನಿಗೆ ನಗು ಬರಲಿಲ್ಲ. ಕಡ್ಡಿ ಸುಳ್ಳು ಹೇಳುತ್ತದೆ, ನಾವು ಕಮ್ಮಿ ಇಡುತ್ತೇವೆ, ಅಷ್ಟೇ ಎಂದ. ಸೋಮವಾರದಿಂದ ಕಮ್ಮಿ ಇಡುವುದು ಯಾರ ಕೈಯಲ್ಲೂ ಇರುವುದಿಲ್ಲ ಎಂದು ಅವಳು ಹೇಳಿದಳು. ಹೊಸ ಪ್ರೋಗ್ರಾಮು ಅಂಕಿಯನ್ನು ಕಾಗದದಿಂದಲೇ ತೆಗೆದುಕೊಳ್ಳುತ್ತದೆ, ಎಪ್ಪತ್ತೆಂಟು ಎಂದರೆ ಎಪ್ಪತ್ತೆಂಟು, ಆಪರೇಟರ್ ಬದಲಾಯಿಸಲು ಬರುವುದಿಲ್ಲ. ಹಾಗಾದರೆ ಒಳಗೆ ಎಂಬತ್ತೆರಡು ಆಗುತ್ತದೆ. ಏರುವ ಭರದಲ್ಲಿ ಕಾವು ಇನ್ನೂ ಎರಡು ಮೂರು ಡಿಗ್ರಿ ಮುಂದೆ ಹೋಗಿಯೇ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಎಂಬತ್ತೈದಕ್ಕೆ ಸರಕು ಉಕ್ಕುತ್ತದೆ ಎಂಬುದು ಶಿವಪುತ್ರಪ್ಪನಿಗೆ ಓದಿ ಗೊತ್ತಿರುವ ವಿಷಯವಲ್ಲ. ಸೋಮವಾರದಿಂದ ಪಾಳಿ ಬದಲು. ಬೆಳಗಿನ ಪಾಳಿಗೆ ಅವ್ವಣ್ಣ ಬರುವವನಿದ್ದ.

ಅವನು ನಲ್ಲಿ ನಿಲ್ಲಿಸಿದ. ಆಮೇಲೆ ರಾಡಿನ ವಿಷಯ ಹೇಳಿದ, ತಡವರಿಸದೆ, ಬೇರೆ ಯಾರದೋ ಕಥೆ ಹೇಳುವಂತೆ. ಕಬ್ಬಿಣದ ರಾಡು ಬಳಸಿದ್ದು ಒಂದು ತಪ್ಪು, ಹನ್ನೊಂದು ವರ್ಷ ಸುಳ್ಳು ಅಂಕಿ ಬರೆದದ್ದು ಇನ್ನೊಂದು. ಲಾಗ್‌ಬುಕ್ಕಿನಲ್ಲಿ ಸುಳ್ಳು ಬರೆದವನನ್ನು ಕೆಲಸದಿಂದ ತೆಗೆಯುತ್ತಾರೆಂದು ಗೋಡೆಯ ಮೇಲೇ ಬರೆದಿತ್ತು. ಅವನಿಗೆ ಐವತ್ತೆರಡು ವಯಸ್ಸು. ಈ ವಯಸ್ಸಿನ ಆಪರೇಟರನನ್ನು ಇನ್ನೊಂದು ಕಾರ್ಖಾನೆ ಗೇಟಿನ ಒಳಗೂ ಬಿಡುವುದಿಲ್ಲ.

ಕೊನೆಗೆ ಕೇಳಿದ: "ತಂಗಿ, ನಿನ್ನ ಪ್ರೋಗ್ರಾಮಿನಾಗ ಸುಮ್ಮ ನಾಕು ಕಮ್ಮಿ ಮಾಡಿ ಬಿಡಾಕ ಬರಂಗಿಲ್ಲೇನು?"

ಬರುತ್ತಿತ್ತು. ಒಂದು ಸಾಲಿನ ಕೆಲಸ, ಐದು ನಿಮಿಷ ಸಾಕು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸೋಮವಾರ ಒಂಬತ್ತಕ್ಕೆ ಕಾಯಿ ಒಡೆಯುತ್ತಿದ್ದರು, ಅವಳ ಪಟ್ಟಿ ನಲವತ್ತೊಂದಕ್ಕೆ ನಲವತ್ತೊಂದು ಆಗುತ್ತಿತ್ತು. ಆ ಯೋಚನೆ ಅವಳಿಗೂ ಬಂದಿರಬೇಕು.

"ಬರ್ತದ್ರಿ ಕಾಕಾ. ಆದ್ರ ಇಷ್ಟು ದಿನ ನಿಮ್ಮ ಬಾಯಾಗ ಇದ್ದದ್ದು ನನ್ನ ಪ್ರೋಗ್ರಾಮಿನಾಗ ಮುಚ್ಚಿ ಹೋಗ್ತದ, ಅಷ್ಟೇ. ನಿಮ್ಮ ಬಾಯಾಗಿದ್ರ ನಾ ಇವತ್ತು ಕೇಳ್ದೆ. ಅದರಾಗಿದ್ರ ಯಾರು ಕೇಳ್ತಾರ? ನಾಳೆ ಯಾರರೆ ಆ ನಳಿಗಿ ಬದಲಿ ಮಾಡಿದ್ರ?"

ತಾನು ಶಿವಪುತ್ರಪ್ಪನ ಹೆಸರು ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು. ಮೂರನೇ ರಿಯಾಕ್ಟರಿನ ಕಾರಣ ಸಿಕ್ಕಿಲ್ಲ, ಅದನ್ನು ಬದಲಾವಣೆಯಿಂದ ಹೊರಗಿಡಿ ಎಂದು ಬರೆಯುತ್ತೇನೆ ಎಂದಳು. ಮ್ಯಾನೇಜರ್ ಒಪ್ಪುತ್ತಾರೆಯೇ ಎಂದು ಅವನು ಕೇಳಿದ. ಒಪ್ಪಲಿಕ್ಕಿಲ್ಲ ಎಂದಳು. ಜೀಪು ಬಂತು.

ಭಾನುವಾರ ಬೆಳಿಗ್ಗೆ ಶಿವಪುತ್ರಪ್ಪ ತಿಂಡಿ ಬಿಟ್ಟದ್ದನ್ನು ನೋಡಿ ಹೆಂಡತಿ ಚನ್ನಬಸವ್ವ ವಿಷಯ ಕೇಳಿ ತಿಳಿದುಕೊಂಡಳು. ಅವಳು ಅಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸಾಹೇಬರಿಗೆ ಹೇಳುವುದಾದರೆ ಅದಕ್ಕೆ ಮೊದಲು ಅವ್ವಣ್ಣನಿಗೆ ಹೇಳು ಎಂದಳು. ಸಾಹೇಬರ ಬಾಯಿಂದ ಅವನಿಗೆ ಗೊತ್ತಾದರೆ ಅದು ಎರಡನೇ ಸಲ ಸುಟ್ಟಂತೆ.

ಅವ್ವಣ್ಣನ ಮನೆ ದೌಂಡಿನ ರೈಲ್ವೆ ಗೇಟಿನ ಆಚೆ ಇತ್ತು. ಅವನು ಬನಿಯನ್ನಿನಲ್ಲಿ ಕೂತು ದಾಡಿ ಮಾಡಿಕೊಳ್ಳುತ್ತಿದ್ದ. ಎಡಗೈಯ ಚರ್ಮ ಮೊಣಕೈವರೆಗೆ ಬಿಳಿಯಾಗಿ ಸುಕ್ಕುಗಟ್ಟಿತ್ತು. ಕಾರ್ಖಾನೆಯಲ್ಲಿ ತುಂಬುತೋಳಿನ ಅಂಗಿಯಲ್ಲಿ ಅದು ಕಾಣುತ್ತಿರಲಿಲ್ಲ. ಶಿವಪುತ್ರಪ್ಪ ನಿಂತುಕೊಂಡೇ ಹೇಳಿದ. ಅವ್ವಣ್ಣ ಅರ್ಧ ಗಲ್ಲದ ದಾಡಿ ಹಾಗೇ ಬಿಟ್ಟು ಕೇಳಿದ. ಆಮೇಲೆ ಕನ್ನಡಿ ತಿರುಗಿಸಿ ಉಳಿದರ್ಧ ಮುಗಿಸಿದ. ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದ.

"ಹನ್ನೊಂದು ವರ್ಷ ನನ್ನ ಜೋಡಿ ಚಾ ಹೆಂಗ ಕುಡಿದಿ?"

ನಾಳೆ ಸಾಹೇಬರಿಗೆ ಹೇಳುವವನಿದ್ದೇನೆ ಎಂದು ಶಿವಪುತ್ರಪ್ಪ ಹೇಳಿದ. ಹೇಳು ಎಂದ ಅವ್ವಣ್ಣ. ಕೂಡು ಎನ್ನಲಿಲ್ಲ.

ಸೋಮವಾರ ಶಿವಪುತ್ರಪ್ಪನ ಪಾಳಿ ಮೂರಕ್ಕೆ ಇತ್ತು, ಬೆಳಿಗ್ಗೆ ಆರೂವರೆಗೇ ಬಂದ. ಇಂಥ ಮಾತಿಗೆ ಸಾಹೇಬರ ಮುಂದೆ ಹಿಂದಿ ಬಾಯಿಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಲಾಗ್‌ಬುಕ್ ತೆಗೆದು ಅಂದಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದ. ಆ ಪುಸ್ತಕದಲ್ಲಿ ಕನ್ನಡ ಬಿದ್ದದ್ದು ಅದೇ ಮೊದಲು. ಎಂಟೂವರೆಗೆ ಮ್ಯಾನೇಜರ್ ತೆಂಗಿನಕಾಯಿ ಹಿಡಿದವನ ಹಿಂದೆ ಹಿಂದೆ ಒಳಗೆ ಬಂದರು. ಮೂರನೇ ರಿಯಾಕ್ಟರನ್ನು ಹೊರಗಿಡಿ ಎಂಬ ಮಾಧುರಿಯ ಕಾಗದವನ್ನು ಅವರು ಬದಿಗಿಟ್ಟಿದ್ದರು. ಶಿವಪುತ್ರಪ್ಪ ಪುಸ್ತಕವನ್ನು ಅವರ ಮುಂದೆ ಇಟ್ಟ. ಅವರಿಗೆ ಓದಲು ಬರಲಿಲ್ಲ. ಮಾಧುರಿಗೆ ಕನ್ನಡ ಬರುತ್ತದೆ ಎಂದು ಅವನು ಹೇಳಿದ ಮೇಲೆ ಅವಳನ್ನು ಕರೆದರು.

ಅವಳು ಮರಾಠಿಯಲ್ಲಿ ಓದಿ ಹೇಳಿದಳು. ಮೂರನೇ ರಿಯಾಕ್ಟರಿನ ನಳಿಗೆ ೧೯೯೨ರಲ್ಲಿ ನನ್ನ ರಾಡಿನಿಂದ ಬಾಗಿದೆ. ಅಂದಿನಿಂದ ಅದು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆ. ನಾನು ಎಪ್ಪತ್ತನಾಲ್ಕು ಇಟ್ಟು ಎಪ್ಪತ್ತೆಂಟು ಎಂದು ಬರೆದಿದ್ದೇನೆ. ಕೊನೆಯ ಸಾಲಿನಲ್ಲಿ ಮೊದಲು 'ನಾವು' ಎಂದಿತ್ತು, ಅದನ್ನು ಹೊಡೆದುಹಾಕಿ 'ನಾನು' ಎಂದು ಬರೆದಿದ್ದ. ಅದನ್ನು ಅವಳು ಓದಿ ಹೇಳಲಿಲ್ಲ.

ಮ್ಯಾನೇಜರ್ ಬಹಳ ಮಾತಾಡಿದರು. ಅದನ್ನೆಲ್ಲ ಇಲ್ಲಿ ಬರೆಯುವ ಅಗತ್ಯವಿಲ್ಲ. ಹೆದರಿದ ಮನುಷ್ಯ ಏನು ಮಾತಾಡುತ್ತಾನೋ ಅದನ್ನೇ ಮಾತಾಡಿದರು. ಬದಲಾವಣೆ ನಿಂತಿತು, ರಿಯಾಕ್ಟರ್ ತೆರೆದು ನೋಡುವುದೆಂದಾಯಿತು. ಮಾಧುರಿ ಒಂದೇ ಒಂದು ಬೇಡಿಕೆ ಇಟ್ಟಳು: ರಿಯಾಕ್ಟರ್ ತೆರೆಯುವ ಮೊದಲು ಹಳೆಯ ಪದ್ಧತಿಯಲ್ಲೇ ಒಮ್ಮೆ ಕಾಯಿಸಿ, ಗಾಜಿನ ಥರ್ಮಾಮೀಟರಿನಲ್ಲಿ ಅಳೆದು ನೋಡೋಣ. ಪಾಳಿ ಅವ್ವಣ್ಣನದು. ಅವನು ಎಪ್ಪತ್ತನಾಲ್ಕು ಇಟ್ಟ. ತಳದ ಕೊಳಾಯಿಯಿಂದ ಸರಕು ತೆಗೆದು ಶಿವಪುತ್ರಪ್ಪ ಥರ್ಮಾಮೀಟರ್ ಅದ್ದಿದ. ಎತ್ತಿ ನೋಡಿದ. ಇನ್ನೊಮ್ಮೆ ಅದ್ದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಎಂಬತ್ತು" ಎಂದ.

ನಾಲ್ಕಲ್ಲ, ಆರು. ಮಧ್ಯಾಹ್ನ ರಿಯಾಕ್ಟರ್ ಖಾಲಿ ಮಾಡಿ ತೆರೆದಾಗ ಕಾರಣವೂ ಕಂಡಿತು. ಬಾಗಿದ ನಳಿಗೆಯ ಮೇಲೆ ವರ್ಷದಿಂದ ವರ್ಷಕ್ಕೆ ಸರಕು ಹೆಪ್ಪುಗಟ್ಟಿ ಬೆರಳುದಪ್ಪದ ಪದರ ಬೆಳೆದಿತ್ತು. ಕಾವು ಕಡ್ಡಿಗೆ ಇನ್ನಷ್ಟು ಕಡಿಮೆ ಮುಟ್ಟುತ್ತಿತ್ತು. ಶಿವಪುತ್ರಪ್ಪ ಅಳೆದದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ. ಅಂದು ನಿಜವಿದ್ದ ಮಾತನ್ನು ದಿನಾ ಮೂರು ಸಲ ಹೇಳಿ ಹೇಳಿ ಅದು ನಿಜವಾಗಿ ಉಳಿದಿದೆಯೇ ಎಂದು ಯಾರೂ ನೋಡಿರಲಿಲ್ಲ. ಮಾಧುರಿ ತನ್ನ ಪ್ರೋಗ್ರಾಮಿನಲ್ಲಿ ಸುಮ್ಮನೆ ನಾಲ್ಕು ಕಡಿಮೆ ಮಾಡಿದ್ದರೆ ಅವಳೂ ತಪ್ಪುತ್ತಿದ್ದಳು. ಶಿವಪುತ್ರಪ್ಪನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವನು ತೆರೆದ ರಿಯಾಕ್ಟರಿನ ಬಾಯಿಯ ಹತ್ತಿರ ಬಹಳ ಹೊತ್ತು ನಿಂತಿದ್ದ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಇದಕ್ಕೆ ದಯೆಯೂ ಸ್ವಲ್ಪ ಕಾರಣವಿರಬಹುದು. ಹೆಚ್ಚಿನ ಕಾರಣ ಬೇರೆ. ತೆಗೆಯಬೇಕಾದರೆ ಸುಳ್ಳು ಅಂಕಿಯ ಹಾಳೆಗಳನ್ನೆಲ್ಲ ವಿಚಾರಣೆಗೆ ಇಡಬೇಕು, ಪ್ರತಿ ಹಾಳೆಯ ಕೆಳಗೆ ಆಯಾ ಕಾಲದ ಸಾಹೇಬರ ಸಹಿ ಇತ್ತು. ಈಗಿನ ಮ್ಯಾನೇಜರರದು ಮೂರು ವರ್ಷದ್ದಿತ್ತು. ಒಂದು ಮೆಮೊ, ನಾಲ್ಕು ದಿನದ ಅಮಾನತು, ಅಷ್ಟಕ್ಕೇ ಮುಗಿಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನಿಗೆ ಬಂದ ಮೊದಲ ಮೆಮೊ ಅದು. ಅದನ್ನು ಮಡಚಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡ.

ಹೊಸ ನಳಿಗೆ ಕೂತಿತು. ಮಾಧುರಿ ಇನ್ನೂ ಆರು ದಿನ ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿದಳು. ಈ ಸಲ ಪ್ರತಿ ಚಾರ್ಜಿಗೂ ಮೂಲೆಯ ಕುರ್ಚಿಯಲ್ಲಿ ಕೂತಳು. ಆಪರೇಟರುಗಳು ಕನ್ನಡದಲ್ಲೇ ಹೇಳಿದರು, ಅವಳು ಬರೆದುಕೊಂಡಳು. ಒದ್ದರೆ ತಿರುಗುವ ವಾಲ್ವು, ಮಳೆ ಬಂದರೆ ಹುಚ್ಚು ಹಿಡಿಯುವ ಒಂದು ಮೀಟರು, ಹೀಗೆ ಇನ್ನೂ ಏಳು ಮಾತು ಸಿಕ್ಕವು. ಯಾವುದೂ ಯಾವ ಕಾಗದದಲ್ಲೂ ಇರಲಿಲ್ಲ. ಆಮೇಲೆ ಅವಳ ವಿಧಾನದಲ್ಲಿ ಒಂದು ಹೊಸ ಹಂತ ಸೇರಿತು: ಏನನ್ನೇ ಬದಲಾಯಿಸುವ ಮೊದಲೂ ಅದನ್ನು ನಡೆಸುವವರು ಒಬ್ಬರಿಗೊಬ್ಬರು ಬಾಯಲ್ಲಿ ಏನು ಹೇಳಿಕೊಳ್ಳುತ್ತಾರೆ ಎಂದು ಕೂತು ಕೇಳಬೇಕು, ಕೇಳಿದ್ದನ್ನು ಅಳೆದು ನೋಡಬೇಕು. ಹಡಪಸರದವರು ಇದು ಸಂಶೋಧನೆ ಹೇಗಾಗುತ್ತದೆ ಎಂದು ಕೇಳಿದರಂತೆ. ಅವಳು ಅದನ್ನು ತೆಗೆಯಲಿಲ್ಲ.

ಮುಂದಿನ ಸೋಮವಾರ ಬದಲಾವಣೆ ಆಯಿತು. ಏನೂ ಆಗಲಿಲ್ಲ. ಕಾಯಿ ಒಡೆದವರು ಕಾಯಿಯಿಂದ ಎಂದರು.

ಅವ್ವಣ್ಣ ಮಾತ್ರ ಶಿವಪುತ್ರಪ್ಪನಿಂದ ಚಾರ್ಜ್ ತೆಗೆದುಕೊಳ್ಳುವಾಗ ಕೂರುತ್ತಿರಲಿಲ್ಲ. ನಿಂತೇ ಕೇಳಿ, ಸಹಿ ಹಾಕಿ, ಪರದೆಯ ಕಡೆ ತಿರುಗುತ್ತಿದ್ದ. ಚಹಾ ಒಂದೇ ಕಪ್ಪು ಬರುತ್ತಿತ್ತು. ಶಿವಪುತ್ರಪ್ಪ ಅದನ್ನು ಹೊರಗೆ ಒಯ್ದು ನಲ್ಲಿಯ ಹತ್ತಿರ ಕುಡಿಯುತ್ತಿದ್ದ. ಪಾಳಿ ಎರಡು ಸುತ್ತು ತಿರುಗಿತು. ದಸರಾ ಹೋಯಿತು. ಯಾರೂ ಅವರಿಬ್ಬರ ನಡುವೆ ಹೋಗಲಿಲ್ಲ. ಇಂಥದಕ್ಕೆ ಮಧ್ಯಸ್ಥಿಕೆ ನಡೆಯುವುದಿಲ್ಲ ಎಂಬಷ್ಟು ತಿಳಿವಳಿಕೆ ಎಲ್ಲರಿಗೂ ಇತ್ತು.

ದೀಪಾವಳಿಗೆ ವಾರವಿದ್ದಾಗ ಒಂದು ಮಧ್ಯಾಹ್ನ ಶಿವಪುತ್ರಪ್ಪ ಎಂದಿನಂತೆ ಹೇಳಿ ಮುಗಿಸಿ ಲಾಗ್‌ಬುಕ್ಕನ್ನು ಮುಂದೆ ತಳ್ಳಿದ. ಅವ್ವಣ್ಣ ಪೆನ್ನು ತೆಗೆದವನು ನಿಲ್ಲಿಸಿದ.

"ಮೂರಕ್ಕ ಏನರೆ ಅದ ಏನು?"

"ಏನಿಲ್ಲ."

"ಏನಿಲ್ಲ ಅಂತ ಬರ್ದೀಯೇನು?"

ಶಿವಪುತ್ರಪ್ಪ ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಮೂರನೇ ರಿಯಾಕ್ಟರಿನ ಸಾಲಿನಲ್ಲಿ ಪರದೆಯ ಅಂಕಿ ಇತ್ತು, ಅದರ ಪಕ್ಕದಲ್ಲಿ ಅಂದು ಬೆಳಿಗ್ಗೆ ಗಾಜಿನ ಥರ್ಮಾಮೀಟರಿನಲ್ಲಿ ಅಳೆದ ಅಂಕಿ ಇತ್ತು. ಅಳೆಯಲು ಅವನಿಗೆ ಯಾರೂ ಹೇಳಿರಲಿಲ್ಲ. ಅವ್ವಣ್ಣ ಹಾಳೆ ಹಿಂದಕ್ಕೆ ತಿರುವಿ ನೋಡಿದ. ಶಿವಪುತ್ರಪ್ಪನ ಪಾಳಿ ಇದ್ದ ಪ್ರತಿ ದಿನದ ಹಾಳೆಯಲ್ಲೂ ಎರಡೆರಡು ಅಂಕಿ ಇದ್ದವು. ಅವನು ಅಂದಿನ ಹಾಳೆಗೆ ಮರಳಿ ಬಂದು ಸಾಲನ್ನು ಪೂರ್ತಿ ಓದಿ ಕೆಳಗೆ ಸಹಿ ಹಾಕಿದ. ಆಮೇಲೆ ಕುರ್ಚಿ ಎಳೆದುಕೊಂಡ.

"ಇನ್ನೊಂದು ಕಪ್ ಹೇಳು" ಎಂದ.